ಮತ್ಸ್ಯವಿನೋದ: ಗಾಳದ ಶಾಸ್ತ್ರವೂ ಹೊಳೆಯ ಧರ್ಮವೂ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಐದು ವಿಂಶತಿಗಳಲ್ಲಿ ನೂರು ಅಧ್ಯಾಯಗಳನ್ನು ಅಡಕಮಾಡಿಕೊಂಡ ಮಹಾಕೋಶ. ಅದನ್ನು ಮೆಚ್ಚುವವರು ಸಾಮಾನ್ಯವಾಗಿ ಅದರ ಸಂಗೀತ, ಚಿತ್ರಕರ್ಮ, ಅನ್ನಭೋಗಗಳ ಬಳಿಯಲ್ಲಿಯೇ ನಿಂತುಬಿಡುವುದರಿಂದ, ನಾಲ್ಕನೆಯ ವಿಂಶತಿಯಲ್ಲಿ ಬರುವ ‘ಮತ್ಸ್ಯವಿನೋದ’ವೆಂಬ ಪ್ರಕರಣ, ಗಾಳ ಹಾಕಿ ಮೀನು ಹಿಡಿಯುವ ಕಲೆಯನ್ನು ಶಾಸ್ತ್ರದ ಗಾಂಭೀರ್ಯದಿಂದ ನಿರೂಪಿಸುವ ಆ ಅಪೂರ್ವ ಭಾಗ, ಅವರ ಗಮನಕ್ಕೆ ಬಾರದೆಯೇ ಉಳಿಯುತ್ತದೆ. ಈ ಪ್ರಕರಣದ ಮೌಲ್ಯವನ್ನು ನಿರ್ಣಯಿಸಲು ತುಂಗಭದ್ರೆಯ ದಡಕ್ಕಿಂತ ತಕ್ಕ ಸ್ಥಳವಿಲ್ಲವೆಂದು ನನ್ನ ನಂಬಿಕೆ. ಈ ಹೊಳೆ ಸೋಮೇಶ್ವರನ ಸಾಮ್ರಾಜ್ಯದೊಳಗೆ ಹರಿದ ಹೊಳೆ. ಅವನ ಪೂರ್ವಿಕರಿಗೆ ಕಂಪಿಲಿಯಲ್ಲಿ, ಎಂದರೆ ಇಂದಿನ ಕಂಪ್ಲಿಯಲ್ಲಿ, ಅರಮನೆಯಿದ್ದುದನ್ನೂ ಚೋಳರ ಅರಸ ರಾಜಾಧಿರಾಜನ ಸೈನ್ಯ ಅದನ್ನು ಕೆಡವಿದುದನ್ನೂ ಚೋಳಶಾಸನಗಳೇ ಹೇಳುತ್ತವೆ. ಅವನು ಇಲ್ಲಿಯೇ ಗಾಳ ಹಾಕಿದನೆಂದು ನಾನು ವಾದಿಸುವುದಿಲ್ಲ. ಹೊಳೆಯನ್ನು ಕುರಿತ ಶಾಸ್ತ್ರವನ್ನು ಹೊಳೆಯ ಮುಂದೆ ನಿಲ್ಲಿಸಿ ಪರೀಕ್ಷಿಸುವುದು ನ್ಯಾಯವೆಂದಷ್ಟೇ ಹೇಳುತ್ತೇನೆ.

ಪ್ರಕರಣದ ಪ್ರಥಮ ಗುಣ ಅದರ ಕ್ರಮ. ಓದುಗನ ಕೈಗೆ ಗಾಳದ ಕೋಲನ್ನು ಕೊಡುವುದಕ್ಕೆ ಮೊದಲು ಅದು ಅವನಿಗೆ ಮೀನಿನ ಪರಿಚಯ ಮಾಡಿಸುತ್ತದೆ: ಕಡಲಿನವು ಯಾವುವು, ಹೊಳೆಯವು ಯಾವುವು, ಅವುಗಳಲ್ಲಿ ಹುರುಪೆಯುಳ್ಳವು ಯಾವುವು, ನುಣುಪುಮೈಯವು ಯಾವುವು, ಗಾತ್ರದಲ್ಲಿ ಹಿರಿಯವು ಕಿರಿಯವು ಯಾವುವು ಎಂದು ಸುಮಾರು 35 ಬಗೆಯ ಮೀನುಗಳನ್ನು ವಿಂಗಡಿಸಿ ಹೇಳಿದ ಮೇಲೆಯೇ ಅವುಗಳ ಆಹಾರಕ್ಕೆ ಬರುತ್ತದೆ. ಯಾವ ಮೀನಿಗೆ ಯಾವ ತಿನಿಸು ರುಚಿಸುವುದು, ಅದನ್ನು ಎಲ್ಲಿ ಹಾಕಿ ಮೀನನ್ನು ಆ ತಾಣಕ್ಕೆ ರೂಢಿಮಾಡಿಸಬೇಕು ಎಂಬುದನ್ನೆಲ್ಲ ತಿಳಿದಾದಮೇಲೆ ದಾರ, ಕೋಲು, ಗಾಳಗಳ ವಿಚಾರ. 1951ರಲ್ಲಿ ಈ ಭಾಗವನ್ನು ಮತ್ಸ್ಯಶಾಸ್ತ್ರದ ಕಣ್ಣಿನಿಂದ ಓದಿ ವಿವರಿಸಿದ ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ಇದಕ್ಕೆ ಕೊಟ್ಟ ಗೌರವ ಉಚಿತವಾದುದೇ. ಏಕೆಂದರೆ ಮೀನಿನ ಸ್ವಭಾವವೇ ಸಾಧನವನ್ನು ನಿರ್ಣಯಿಸತಕ್ಕದ್ದೆಂಬ ತತ್ತ್ವ, ಬೇಟೆಯ ವಿದ್ಯೆಯನ್ನು ಜ್ಞಾನದ ಮಟ್ಟಕ್ಕೆ ಏರಿಸುವ ಏಕೈಕ ತತ್ತ್ವ, ಈ ಪ್ರಕರಣದ ವಿನ್ಯಾಸದಲ್ಲಿಯೇ ಅಂತರ್ಗತವಾಗಿದೆ.

ಆ ತತ್ತ್ವ ಎಷ್ಟು ಸತ್ಯವೆಂಬುದಕ್ಕೆ ದೂರದೇಶದ ಒಂದು ಅಭ್ಯಾಸ ಸಾಕ್ಷಿ ನುಡಿಯುತ್ತದೆ. ಅಮೆರಿಕದ ಹೊಳೆಗಳಲ್ಲಿ ಗಾರ್ ಎಂಬ ಪ್ರಾಚೀನ ಕುಲದ ಮೀನೊಂದುಂಟು. ವಜ್ರದಂತಹ ಹುರುಪೆಗಳ ಕವಚ, ಮೂಳೆಯೇ ಆದ ನೀಳವಾದ ಮೂತಿ, ಅದರ ತುಂಬ ಸೂಜಿಹಲ್ಲುಗಳು. ಹಕ್ಕಿಯ ಗರಿ, ನೂಲುಗಳಿಂದ ಕಟ್ಟಿದ ಕೃತಕ ಕೀಟವನ್ನು ದಾರದ ಭಾರದಿಂದಲೇ ನೀರಿನ ಮೇಲೆ ಹಾರಿಸಿ ಬೀಳಿಸುವ ಫ್ಲೈ ಗಾಳದ ನಿಪುಣರಿಗೆ ಈ ಮೀನು ಬಹುಕಾಲ ದಕ್ಕಲಿಲ್ಲ. ಏಕೆಂದರೆ ಅದರ ಮೂತಿಯಲ್ಲಿ ಕೊಕ್ಕೆ ನಾಟಿಕೊಳ್ಳಲು ಮೆತ್ತಗಿನ ಮಾಂಸವೇ ಇಲ್ಲ. ಕೊನೆಗೆ ಅವರು ಕೊಕ್ಕೆಯನ್ನೇ ತ್ಯಜಿಸಿ, ನೈಲಾನ್ ಹಗ್ಗದ ತುಂಡೊಂದನ್ನು ಎಳೆಯೆಳೆಯಾಗಿ ಬಿಡಿಸಿ ಮೀನಿನಾಕಾರದ ಕುಚ್ಚು ಮಾಡಿದರು. ಮೀನು ಅದನ್ನು ಕಚ್ಚುತ್ತಲೇ ಹಲ್ಲುಗಳು ಎಳೆಗಳಲ್ಲಿ ತೊಡಕಿಕೊಳ್ಳುತ್ತವೆ. ಪೆಸಿಫಿಕ್ ಸಾಗರದ ಸೊಲೊಮನ್ ದ್ವೀಪಗಳ ಬೆಸ್ತರು ಇದೇ ಯುಕ್ತಿಯನ್ನು ಸ್ವತಂತ್ರವಾಗಿ ಬಳಸಿದವರು: ದೋಣಿಯಿಂದ ಎಲೆಯ ಗಾಳಿಪಟವನ್ನು ಹಾರಿಸಿ, ಅದರಿಂದ ಇಳಿಬಿಟ್ಟ ಜೇಡರಬಲೆಯ ಉಂಡೆಯನ್ನು ಅಲೆಗಳ ಮೇಲೆ ಕುಣಿಸಿ, ನೀಳಮೂತಿಯ ಕಡಲಮೀನನ್ನು ಅವರು ಹಿಡಿಯುತ್ತಿದ್ದರು. ನಮ್ಮ ತುಂಗಭದ್ರೆಯಲ್ಲಿಯೂ ಇಂಥದೇ ಸೂಜಿಮೂತಿಯ ಮೀನೊಂದುಂಟು. ಅಮೆರಿಕದ ಗಾರ್‌ಗೂ ಇದಕ್ಕೂ ಕುಲಸಂಬಂಧವಿಲ್ಲ, ಆದರೆ ಮಂದವಾಗಿ ಹರಿಯುವ ತಿಳಿನೀರಿನ ಮೇಲ್ಪದರದಲ್ಲಿ ಕಡ್ಡಿಯಂತೆ ನಿಶ್ಚಲವಾಗಿ ನಿಂತು, ಮರಿಮೀನು ಸಮೀಪಿಸಿದಾಕ್ಷಣ ಬಾಣದಂತೆ ಎರಗುವ ಅದರ ವೃತ್ತಿ, ಮೂತಿಯ ಕಾಠಿಣ್ಯ, ಹಲ್ಲಿನ ಸಾಲು ಇವೆಲ್ಲ ಅದೇ ಪಾಠವನ್ನು ಕಲಿಸುತ್ತವೆ. ಅಮೆರಿಕದ ಆ ನಿಪುಣರಾಗಲಿ ದ್ವೀಪಗಳ ಆ ಬೆಸ್ತರಾಗಲಿ ಸೋಮೇಶ್ವರನನ್ನು ಓದಿದವರಲ್ಲ. ಆದರೂ ಅವನ ಶಾಸ್ತ್ರದ ಮೂಲಸೂತ್ರವನ್ನು ಇವರಿಗಿಂತ ಶುದ್ಧವಾಗಿ ಆಚರಿಸಿದವರನ್ನು ನಾನರಿಯೆ.

ಆದರೆ ಜಾಣ್ಮೆಯೊಂದರಿಂದಲೇ ವಿನೋದವು ನಿರ್ದೋಷವಾಗುವುದಿಲ್ಲ. ಕೊಕ್ಕೆಯಿಲ್ಲದ ಕುಚ್ಚು ಮೀನಿನ ಮೂತಿಯನ್ನು ಸೀಳದು, ನಿಜ. ಆದರೆ ದಾರ ಹರಿದುಹೋದಲ್ಲಿ, ಅಥವಾ ಹಿಡಿದವನು ತಾಳ್ಮೆಗೆಟ್ಟು ಎಳೆಗಳನ್ನು ಪೂರ್ತಿಯಾಗಿ ಬಿಡಿಸದೆ ಮೀನನ್ನು ನೀರಿಗೆ ಬಿಟ್ಟಲ್ಲಿ, ಕೊಳೆಯದ ಆ ನೈಲಾನ್ ದವಡೆಗಳನ್ನು ಬಿಗಿದು ಮೀನನ್ನು ಉಪವಾಸದಿಂದ ಕೊಲ್ಲುತ್ತದೆ. ಹಿಡಿದು ಬಿಡುವೆನೆಂಬ ಪ್ರತಿಜ್ಞೆ ಕೊನೆಯ ಎಳೆಯನ್ನು ಬಿಡಿಸುವವರೆಗೆ ಪೂರ್ಣವಾಗದು. ಸಾಧನ ಸೂಕ್ಷ್ಮವಾದಷ್ಟೂ ಅದನ್ನು ಹಿಡಿದವನ ಹೊಣೆ ಗುರುತರವಾಗುತ್ತದೆ.

ಈ ಹೊಣೆಯ ವಿಷಯದಲ್ಲಿಯೇ ‘ಮತ್ಸ್ಯವಿನೋದ’ ನಮ್ಮನ್ನು ಅತೃಪ್ತರನ್ನಾಗಿಸುತ್ತದೆ. ಅದರ ದೃಷ್ಟಿಯೆಲ್ಲ ಮೀನು ಗಾಳಕ್ಕೆ ಬರುವ ಕ್ಷಣದಲ್ಲಿ ಕೇಂದ್ರೀಕೃತವಾಗಿದೆ. ಮೀನಿನ ಸಂತತಿಯ ಪಾಲನೆ ಅದರ ವಿಷಯವಲ್ಲ. ಹನ್ನೆರಡನೆಯ ಶತಮಾನದ ಅರಸನಿಂದ ನಮ್ಮ ಕಾಲದ ವಿವೇಕವನ್ನು ಅಪೇಕ್ಷಿಸುವುದು ಅನ್ಯಾಯವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಸೋಮೇಶ್ವರನಿಗಿಂತ ಸಾವಿರದ ಮುನ್ನೂರು ವರ್ಷಗಳಿಗೂ ಹಿಂದೆ ಅಶೋಕನು ತನ್ನ ಐದನೆಯ ಸ್ತಂಭಶಾಸನದಲ್ಲಿ ಕೆಲವು ಹುಣ್ಣಿಮೆಗಳಲ್ಲಿಯೂ ಉಪೋಸಥವೆಂಬ ವ್ರತದ ದಿನಗಳಲ್ಲಿಯೂ ಮೀನನ್ನು ಕೊಲ್ಲಬಾರದು, ಮಾರಬಾರದು ಎಂದು ವಿಧಿಸಿದ್ದನು. ಆ ಶಾಸನದ ಸ್ತಂಭಗಳು ಉತ್ತರದೇಶದವಾದರೂ ಅದೇ ಅರಸನ ಬಂಡೆಶಾಸನಗಳು ಇದೇ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲಿ ಇಂದಿಗೂ ಉಂಟು. ಭೋಗಕ್ಕೆ ಎಲ್ಲೆ ಹಾಕುವುದೂ ರಾಜಧರ್ಮವೆಂಬ ಭಾವನೆ ನಮ್ಮ ನೆಲಕ್ಕೆ ಹೊಸತಲ್ಲ. ಇನ್ನು ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲಿ ಮುದ್ರಿತವಾದ ಗ್ರಂಥ. ದಕ್ಷಿಣ ಕನ್ನಡದ ಹೊಳೆಗಳಲ್ಲಿ ಗಾಳ ಹಾಕುತ್ತಲೇ ಮೀನುಮರಿಗಳ ನಾಶವನ್ನು ಕಂಡು ಮರುಗಿದ ಈತನು, ಗಾಳದ ಸುಖವನ್ನು ವರ್ಣಿಸಿದಷ್ಟೇ ಆಸ್ಥೆಯಿಂದ ಹೊಳೆಗಳ ರಕ್ಷಣೆಗಾಗಿ ಸರ್ಕಾರದೊಡನೆ ವಾದಿಸಿದನು. ಹೊಳೆಗೆ ಸಿಡಿಮದ್ದು, ವಿಷಗಳನ್ನು ಹಾಕಿ ಮೀನು ಹಿಡಿಯುವುದನ್ನು ನಿಷೇಧಿಸುವ ಕಾಯಿದೆ ಬಂದುದು 1897ರಲ್ಲಿ. ಸೋಮೇಶ್ವರನು ಮೀನಿನ ಹಸಿವನ್ನು ಬಲ್ಲವನು, ಥಾಮಸ್ ಮೀನಿನ ಸಂತಾನವನ್ನೂ ಬಲ್ಲವನು. ವಿದ್ಯೆಯಾಗಿ ಮೊದಲನೆಯವನದು ಮೂಲಗಾಮಿಯಾದರೆ, ಧರ್ಮವಾಗಿ ಎರಡನೆಯವನದು ಮೇಲು.

ಇನ್ನೊಂದು ಕೊರತೆಯೂ ಹೇಳತಕ್ಕದ್ದು. ಮೀನಿನ ಹೆಸರು, ತಾಣ, ಆಹಾರಗಳ ಇಷ್ಟು ವಿವರವಾದ ಜ್ಞಾನ ಅಂತಃಪುರದಲ್ಲಿ ಹುಟ್ಟುವಂಥದಲ್ಲ. ತಲೆತಲಾಂತರದಿಂದ ನೀರಿನಲ್ಲಿಯೇ ಬಾಳಿದ ಬೆಸ್ತರಿಂದ, ಅಂಬಿಗರಿಂದ ಅದು ಬಂದಿರಲೇಬೇಕು. ಹಂಪೆಯ ಚಕ್ರತೀರ್ಥದ ಸುಳಿಯಲ್ಲಿ ಹರಿಗೋಲನ್ನು ಒಂದೇ ಹುಟ್ಟಿನಿಂದ ತಿರುಗಿಸಿ ನಡೆಸುವವರು ಹೊಳೆಯ ಮಡುವು, ಬಂಡೆಗಳನ್ನು ಕಣ್ಣುಮುಚ್ಚಿ ಹೇಳಬಲ್ಲರು. ಬೀಸುಬಲೆ ಎಲ್ಲಿ ತೊಡಕೀತು, ಯಾವ ಗಾಳಿಗೆ ಯಾವ ಮೀನು ಮೇಲೆದ್ದೀತು ಎಂಬುದು ಅವರ ಹೊಟ್ಟೆಪಾಡಿನ ಜ್ಞಾನ. ಅರಸನಿಗೆ ವಿನೋದವಾದುದು ಇವರಿಗೆ ಜೀವನ. ಈ ಭೇದವನ್ನು ಮರೆತ ಯಾವ ಗಾಳದ ಪ್ರಶಂಸೆಯೂ ಅಪೂರ್ಣ.

ಹಾಗಾದರೆ ಇಂದಿನ ತುಂಗಭದ್ರೆಯಲ್ಲಿ ಈ ವಿನೋದಕ್ಕೆ ಸ್ಥಾನವೆಷ್ಟು? 1953ರಲ್ಲಿ ಹೊಸಪೇಟೆಯ ಅಣೆಕಟ್ಟಿನ ನೀರು ಕಾಲುವೆಗಳಿಗೆ ಹರಿದಂದಿನಿಂದ, ಮುಂಗಾರಿನ ಪ್ರವಾಹದಲ್ಲಿ ಮೊಟ್ಟೆಯಿಡಲು ಮೇಲ್ಮುಖವಾಗಿ ಈಜುವ ಮೀನುಗಳಿಗೆ ದಾರಿ ಮುಚ್ಚಿದೆ. ಕೆಳಗಣ ಪಾತ್ರಕ್ಕೆ ನೀರು ಬರುವುದು ಗೇಟುಗಳ ಕೃಪೆಯಿಂದ. ಸಂಡೂರಿನಲ್ಲಿ ಅದಿರಿನ ಬೆಟ್ಟಗಳ ನಡುವೆ ಹರಿದು ತಾರಾನಗರದ ಬಳಿ ಅಣೆಕಟ್ಟಿನಲ್ಲಿ ನಿಲ್ಲುವ, ಇದೇ ಸೀಮೆಯ ನಾರಿಹಳ್ಳದ ಕಷ್ಟ ಬೇರೆ: ಅಗೆದ ಬೆಟ್ಟಗಳ ಕೆಂಪುಮಣ್ಣು ಮಳೆಯೊಡನೆ ಇಳಿದು ನೀರನ್ನು ಕದಡಿದರೆ, ಕಣ್ಣಿನ ಬಲದಿಂದ ಬೇಟೆಯಾಡುವ ಮೀನು ಬದುಕುವುದಾದರೂ ಹೇಗೆ? ಇವುಗಳ ನಡುವೆ ಆಶಾದಾಯಕವಾದ ಒಂದು ಸಂಗತಿಯುಂಟು. ಅಣೆಕಟ್ಟಿನ ಕೆಳಗಿನಿಂದ ಹಂಪೆಯ ಬಂಡೆಗಳ ನಡುವೆ ಹಾದು ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ಹೊಳೆಯನ್ನು ಕರ್ನಾಟಕ ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲಾಗಿ ಘೋಷಿಸಿತು. ಮೀನೇ ನೀರುನಾಯಿಯ ಅನ್ನ. ಸಿಡಿಮದ್ದಿನಿಂದ ಮೀನು ಕೊಲ್ಲುವವನು ಅದರ ಅನ್ನವನ್ನೂ ಕೊಲ್ಲುತ್ತಾನೆ. ಹೊಟ್ಟೆಪಾಡಿಗಾಗಿ ಬಲೆ ಬೀಸುವ ಬೆಸ್ತನಿಗೆ ಇಲ್ಲಿ ಹಕ್ಕಿನ ಮಾತುಂಟು, ಹಸಿದ ನೀರುನಾಯಿಗೂ ಉಂಟು. ಕೇವಲ ಸಂತೋಷಕ್ಕಾಗಿ ಬರುವವನ ಸರದಿ ಇವರಿಬ್ಬರ ನಂತರದ್ದು.

ತುಂಗೆಯ ದಡದ ಶೃಂಗೇರಿಯಲ್ಲಿ ಯಾತ್ರಿಕರು ಮೀನಿಗೆ ತಿನಿಸು ಹಾಕುತ್ತಾರೆ, ಗಾಳ ಹಾಕುವವರಿಲ್ಲ. ‘ಮತ್ಸ್ಯವಿನೋದ’ದ ಪೂರ್ವಾರ್ಧ ಅಲ್ಲಿ ಸ್ವತಃ ಪೂರ್ಣವಾದ ಆನಂದವಾಗಿ ನಿಂತಿದೆ. ಮೀನನ್ನು ಅರಿಯುವುದರ ಸುಖ, ಅದನ್ನು ಹಿಡಿಯುವುದರ ಸುಖದಿಂದ ಬೇರೆಯಾಗಿ ನಿಲ್ಲಬಲ್ಲದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿಲ್ಲ. ಆದಕಾರಣ ನನ್ನ ನಿರ್ಣಯ ಇದು: ಸೋಮೇಶ್ವರನ ಪ್ರಕರಣ ಜಲಜೀವಿಗಳನ್ನು ಗಮನವಿಟ್ಟು ನೋಡುವ ಪಾಠವಾಗಿ ನಮ್ಮ ಶಾಲೆಗಳನ್ನೂ ಹೊಳೆದಂಡೆಗಳನ್ನೂ ಮುಟ್ಟತಕ್ಕದ್ದು, ಅದರ ಉತ್ತರಾರ್ಧವನ್ನು, ಎಂದರೆ ಗಾಳವನ್ನು, ಮೀನು ತುಂಬಿ ತುಳುಕುವ ನೀರಿಗೆ ಮಾತ್ರ, ಮೊಟ್ಟೆಯಿಡುವ ಕಾಲವನ್ನು ಬಿಟ್ಟು, ಹಿಡಿದುದರ ಪ್ರಾಣಕ್ಕೆ ಹೊಣೆಯಾಗುವವನ ಕೈಗೆ ಮಾತ್ರ ಕೊಡತಕ್ಕದ್ದು. ಹೊಸಪೇಟೆಯಿಂದ ಕಂಪ್ಲಿಯವರೆಗಿನ ಹೊಳೆ ಇಂದು ಆ ಸ್ಥಿತಿಯಲ್ಲಿಲ್ಲ. ಅದು ಆ ಸಮೃದ್ಧಿಗೆ ಮರಳುವವರೆಗೆ ಅಲ್ಲಿ ವಿನೋದದ ಗಾಳಕ್ಕೆ ಎಡೆಯಿರಬಾರದು.