ವಂತಿಗೆಯ ಭಾವಚಿತ್ರ

ಕಾಲೇಜಿನ ಸಭಾಂಗಣದಲ್ಲಿ ತೂಗುವ ತೈಲಚಿತ್ರಗಳನ್ನು ವಿಮರ್ಶೆಗೆ ತಕ್ಕ ವಸ್ತುವೆಂದು ಯಾರೂ ಎಣಿಸುವುದಿಲ್ಲ. ಮುಖ್ಯಸ್ಥರೊಬ್ಬರ ಹೆಸರಿನಲ್ಲಿ ಹಳೆಯ ವಿದ್ಯಾರ್ಥಿಗಳ ಸಮಿತಿಯೊಂದು ಹುಟ್ಟುತ್ತದೆ, ರಸೀತಿ ಪುಸ್ತಕ ಅಚ್ಚಾಗುತ್ತದೆ, ವಂತಿಗೆ ಕೂಡುತ್ತದೆ, ಒಂದು ಸಂಜೆ ಪರದೆ ಸರಿದು, ಚಪ್ಪಾಳೆಯಾಗಿ, ಉಪಾಹಾರ ನಡೆಯುತ್ತದೆ. ಅಲ್ಲಿಂದ ಮುಂದೆ ಆ ಚಿತ್ರ ಧೂಳಿಗೂ ಹಲ್ಲಿಗೂ ಸೇರಿದ್ದು. ಗೌನಿನ ಮಡಿಕೆಗಳಲ್ಲಿರುವಷ್ಟು ಜೀವ ಅದರ ಮುಖದಲ್ಲಿ ಇರುವುದಿಲ್ಲ. ಇದಕ್ಕೆ ಚಿತ್ರಕಾರನೊಬ್ಬನನ್ನೇ ದೂರಿ ಫಲವಿಲ್ಲ. ಹಣ ಕೊಟ್ಟವರು ತಮ್ಮ ಕೃತಜ್ಞತೆಯನ್ನು ಬರೆದುಕೊಡೆಂದು ಕೇಳಿದರು; ಆತ ಬರೆದುಕೊಟ್ಟ. ಕೃತಜ್ಞತೆಗೆ ಕಣ್ಣು ಮೂಗು ಎಲ್ಲಿಂದ ಬರಬೇಕು?

ಈ ಮಾತಿಗೆ ಅಪವಾದವಾಗಿ ನಿಲ್ಲುವ ಚಿತ್ರವೊಂದುಂಟು. ಅಮೆರಿಕದ ಫಿಲಡೆಲ್ಫಿಯಾ ನಗರದ ಬಳಿಯ ಬ್ರಿನ್ ಮಾರ್ ಮಹಿಳಾ ಕಾಲೇಜಿನ ಅಧ್ಯಕ್ಷೆ ಮಾರ್ಥಾ ಕೇರಿ ಥಾಮಸ್ ಅವರದು; 1899ರಲ್ಲಿ ಜಾನ್ ಸಿಂಗರ್ ಸಾರ್ಜೆಂಟ್ ಲಂಡನ್ನಿನಲ್ಲಿ ಬರೆದದ್ದು. ವಿದ್ಯಾರ್ಥಿನಿಯರೂ ಹಳೆಯ ವಿದ್ಯಾರ್ಥಿನಿಯರೂ ಕಾಲೇಜಿನ ಹಿತೈಷಿಗಳೂ ಸೇರಿ ಬರೆಸಿದ ಚಿತ್ರವಿದು. ನಾನು ಬಲ್ಲದ್ದು ಇದರ ಅಚ್ಚಾದ ಪ್ರತಿಗಳನ್ನು ಮಾತ್ರ. ಆದರೆ ಅಚ್ಚಿನ ಮಸಿಯಲ್ಲೂ ಈ ಮುಖ ನಮ್ಮನ್ನು ಸುಮ್ಮನೆ ದಾಟಿಹೋಗಲು ಬಿಡುವುದಿಲ್ಲ.

ಹಣ ಕೂಡಿಸಿದವರ ಸ್ಥಿತಿಯನ್ನು ಮೊದಲು ನೆನೆಯಬೇಕು. ಕಾಲೇಜು ತೆರೆದದ್ದು 1885ರಲ್ಲಿ. ನಾಲ್ಕು ವರ್ಷ ಓದಿದ ಮೊದಲ ತಂಡ ಪದವಿ ಪಡೆದದ್ದು 1889ರಲ್ಲಿ. ಆದ್ದರಿಂದ ಈ 'ಹಳೆಯ' ವಿದ್ಯಾರ್ಥಿನಿಯರಲ್ಲಿ ಹೆಚ್ಚಿನವರು ಇನ್ನೂ ಮೂವತ್ತರ ಆಸುಪಾಸಿನವರು. ಓದಿದ ಹೆಣ್ಣಿಗೆ ಪಾಠ ಹೇಳುವ ಕೆಲಸ ಬಿಟ್ಟರೆ ಸಂಬಳದ ದಾರಿ ಹೆಚ್ಚೇನೂ ಇಲ್ಲದ ಕಾಲ ಅದು. ಅಂಥವರು ತಮ್ಮ ಅಧ್ಯಕ್ಷೆಗೆ ಅಗ್ಗದ ಕುಂಚವನ್ನು ಹುಡುಕಲಿಲ್ಲ. ಶ್ರೀಮಂತರೂ ಸರದಿಯಲ್ಲಿ ಕಾಯುತ್ತಿದ್ದ ಸಾರ್ಜೆಂಟನನ್ನೇ ಹಿಡಿದರು. ಗಂಡಸರ ವಿಶ್ವವಿದ್ಯಾಲಯಗಳ ಗೋಡೆಗಳ ಮೇಲೆ ಗೌನು ತೊಟ್ಟ ಗಂಡಸರು ತಲೆಮಾರುಗಳಿಂದ ತೂಗುತ್ತಿದ್ದರು. ನಮ್ಮವಳೂ ಅದೇ ಗೌನಿನಲ್ಲಿ, ಅವರಿಗಿಂತ ಮೇಲಾದ ಚಿತ್ರದಲ್ಲಿ ಇರಲಿ ಎಂಬ ಹಟವೂ ಈ ವಂತಿಗೆಯಲ್ಲಿ ಇದ್ದಿರಬೇಕು. ಅದನ್ನು ಬರಿಯ ಗುರುಭಕ್ತಿಯೆಂದು ತಿಳಿದರೆ ಅರ್ಧ ತಿಳಿದಂತೆ.

ಇನ್ನೊಂದು ವಿಶೇಷ. ಆ ಕಾಲೇಜನ್ನು ಸ್ಥಾಪಿಸಿದವರು ಕ್ವೇಕರ್ ಪಂಥದವರು. ಥಾಮಸ್ ಹುಟ್ಟಿದ್ದೂ ಬಾಲ್ಟಿಮೋರಿನ ಕ್ವೇಕರ್ ಮನೆತನದಲ್ಲಿ. ಸರಳ ಉಡುಪು, ಸರಳ ಮಾತು, ಬೋಳು ಗೋಡೆಯ ಪ್ರಾರ್ಥನಾಗೃಹ, ಇವು ಆ ಪಂಥದ ಹಳೆಯ ನಡೆ. ತನ್ನ ಚಿತ್ರ ಬರೆಸಿಕೊಳ್ಳುವುದು ಒಣ ಆಡಂಬರವೆಂದು ಅವರ ಹಿರಿಯರು ಎಣಿಸುತ್ತಿದ್ದರು. ಅಂಥ ಮನೆಯ ಮಗಳು ಸಾರ್ಜೆಂಟನ ಮುಂದೆ ಕುಳಿತಳೆಂದರೆ ಎಷ್ಟು ದೂರ ನಡೆದು ಬಂದಿರಬೇಕು! ನಡೆದೇ ಬಂದಳೆನ್ನಬೇಕು. ಬಾಲ್ಯದಲ್ಲಿ ಬೆಂಕಿ ತಗುಲಿ ಸುಟ್ಟ ಗಾಯದಿಂದ ಆಕೆಯ ಕಾಲು ಕೊನೆಯವರೆಗೂ ಕುಂಟಿತು. ಜಾನ್ಸ್ ಹಾಪ್ಕಿನ್ಸ್ ಆಕೆಯನ್ನು ಸೇರಿಸಿಕೊಂಡೂ ತರಗತಿಯಲ್ಲಿ ಕೂರಿಸಲಿಲ್ಲ. ಲೈಪ್‌ಜಿಗ್ ಪಾಠ ಕೇಳಲು ಬಿಟ್ಟು ಪದವಿ ಕೊಡಲೊಲ್ಲದು. ಕಡೆಗೆ 1882ರಲ್ಲಿ ಜೂರಿಕ್ ಡಾಕ್ಟರೇಟ್ ಕೊಟ್ಟಿತು, ಅತ್ಯುನ್ನತ ಶ್ರೇಣಿಯಲ್ಲಿ.

ಚಿತ್ರದಲ್ಲಿ ಹಿನ್ನೆಲೆ ಕಪ್ಪು, ಗೌನು ಕಪ್ಪು. ಆ ಕತ್ತಲೆಯಿಂದ ಮುಖವೊಂದು, ಕೈಗಳೆರಡು ಮೇಲೆದ್ದು ಬರುತ್ತವೆ. ಉಳಿದದ್ದೆಲ್ಲ ಕುಂಚದ ಬೀಸು. ನಲವತ್ತೆರಡರ ಹೆಂಗಸು, ಕೂದಲನ್ನು ಹಿಂದಕ್ಕೆ ಬಾಚಿ ಕಟ್ಟಿದೆ, ತುಟಿಯಲ್ಲಿ ನಗೆಯಿಲ್ಲ, ನಗಬೇಕೆಂಬ ಸಂಕೋಚವೂ ಇಲ್ಲ. ಮಮತೆಯ ತಾಯಿಯನ್ನೋ ಜ್ಞಾನದ ದೇವಿಯನ್ನೋ ಬರೆಯುವುದು ಸಾರ್ಜೆಂಟನಿಗೆ ಸುಲಭವಾಗಿತ್ತು. ಸಿರಿವಂತರ ಹೆಂಡಿರನ್ನು ರೇಷ್ಮೆಯ ಮೊರೆತದಲ್ಲಿ ತೇಲಿಸುವ ಕಲೆ ಅವನಿಗೆ ಕರತಲಾಮಲಕ. ಇಲ್ಲಿ ಅದಾವುದನ್ನೂ ಮಾಡದೆ ಅಧಿಕಾರವನ್ನು ಬರೆದ. ಕುರ್ಚಿಯ ತೋಳಿನ ಮೇಲಿನ ಕೈಯನ್ನು ನೋಡಿ: ಅದು ವಿಶ್ರಾಂತಿಗೆಂದು ಇಟ್ಟ ಕೈಯಲ್ಲ. ಇದು ನನ್ನ ಸ್ಥಾನ, ನಾನು ಏಳುವವಳಲ್ಲ ಎನ್ನುವ ಕೈ. 1900ರ ಪ್ಯಾರಿಸ್ ಮಹಾಪ್ರದರ್ಶನಕ್ಕೂ ಈ ಚಿತ್ರ ಹೋಯಿತು.

ಆಕೆಗೆ ಮೇರಿ ಗ್ಯಾರೆಟ್ ಎಂಬ ಗೆಳತಿಯಿದ್ದಳು, ರೈಲ್ವೆ ಹಣದ ಒಡತಿ. ಥಾಮಸ್ ಅಧ್ಯಕ್ಷೆಯಾದರೆ ಕಾಲೇಜಿಗೆ ವರ್ಷಕ್ಕೆ 10,000 ಡಾಲರ್ ಕೊಡುವೆನೆಂದು ಬರೆದುಕೊಟ್ಟವಳು. 1894ರಲ್ಲಿ ಥಾಮಸ್ ಅಧ್ಯಕ್ಷೆಯಾದಳು. ಇಡೀ ಚಿತ್ರದ ಬೆಲೆಯನ್ನು ಈ ಗೆಳತಿ ಒಬ್ಬಳೇ ತೆರಬಹುದಿತ್ತು. ಮುಂದೆ ಜಾನ್ಸ್ ಹಾಪ್ಕಿನ್ಸಿನ ನಾಲ್ವರು ವೈದ್ಯರನ್ನು ಸಾರ್ಜೆಂಟನಿಂದ 1906ರಲ್ಲಿ ಬರೆಸಿದ್ದು ಅವಳ ಹಣವೇ. ಆ ದೊಡ್ಡ ಚಿತ್ರದಲ್ಲಿ ನಾಲ್ವರೂ ಒಂದು ಭಾರಿ ಭೂಗೋಳದ ಮುಂದೆ, ಚರಿತ್ರೆಗೆ ಈಗಾಗಲೇ ಸೇರಿಹೋದವರಂತೆ ಗಂಭೀರರಾಗಿದ್ದಾರೆ. ಕೌಶಲಕ್ಕೆ ಕೊರತೆಯಿಲ್ಲ. ನನಗೇನೋ ಅದರಲ್ಲಿ ಮನುಷ್ಯರಿಗಿಂತ ಭೂಗೋಳವೇ ಹೆಚ್ಚು ಕಾಣುತ್ತದೆ. ಒಬ್ಬ ದಾತೃವಿನ ಹಣಕ್ಕೆ ಒಂದು ಮುಖವಿರುತ್ತದೆ, ಅದು ಚಿತ್ರಕಾರನ ಹೆಗಲ ಹಿಂದೆ ನಿಂತು ಇಣುಕುತ್ತದೆ. ಹತ್ತಾರು ಕೈಗಳ ಹಣ ದೂರದಲ್ಲಿ ಚದುರಿ ನಿಲ್ಲುತ್ತದೆ. ಬ್ರಿನ್ ಮಾರಿನ ಹುಡುಗಿಯರಲ್ಲಿ ಯಾರೊಬ್ಬಳೂ ಲಂಡನ್ನಿಗೆ ಹೋಗಿ, ನಮ್ಮ ಅಧ್ಯಕ್ಷೆಯನ್ನು ಕೊಂಚ ಮೆತ್ತಗೆ ಬರೆಯಿರಿ ಎನ್ನುವಷ್ಟು ದೊಡ್ಡ ಪಾಲುಗಾರ್ತಿಯಾಗಿದ್ದಿರಲಾರಳು. ಇದು ನನ್ನ ಊಹೆ. ಆದರೆ ಚಿತ್ರ ಅದಕ್ಕೆ ಸಾಕ್ಷಿ ನುಡಿಯುತ್ತದೆ.

ಆ ಮೆತ್ತಗಾಗದ ಮುಖ ಮುಂದೆ ಬೇಕಾಗಿ ಬಂತು. ಆಕೆಯ ಆಳ್ವಿಕೆ ಎಷ್ಟು ಬಿಗಿಯಾಯಿತೆಂದರೆ 1916ರಲ್ಲಿ ಅಧ್ಯಾಪಕರೇ ತಿರುಗಿಬಿದ್ದು ಆಡಳಿತದಲ್ಲಿ ತಮ್ಮ ಪಾಲನ್ನು ಕೇಳಿ ಪಡೆದರು. ಅದಕ್ಕಿಂತ ಕಹಿಯಾದ ಸಂಗತಿ ಬೇರೆ ಇದೆ. ಫಿಲಡೆಲ್ಫಿಯಾದಲ್ಲಿ ಓದಿದ ಜೆಸ್ಸಿ ಫಾಸೆಟ್ ಎಂಬ ಪ್ರತಿಭಾವಂತ ಕಪ್ಪು ಹುಡುಗಿ ಬ್ರಿನ್ ಮಾರ್ ಸೇರಬಯಸಿದಳು. ಬರಬೇಡವೆಂದು ಬಾಯಿಬಿಟ್ಟು ಹೇಳದೆ, ಹಣದ ನೆರವು ಒದಗಿಸಿ, ಅವಳನ್ನು ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಸಾಗಹಾಕಲಾಯಿತು. ಅಲ್ಲಿ 1905ರಲ್ಲಿ ಪದವಿ ಪಡೆದ ಆಕೆ ಮುಂದೆ 'ದಿ ಕ್ರೈಸಿಸ್' ಪತ್ರಿಕೆಯ ಸಾಹಿತ್ಯ ಸಂಪಾದಕಿಯಾಗಿ, ಕಾದಂಬರಿಕಾರ್ತಿಯಾಗಿ ಹೆಸರಾದಳು. ಅಧ್ಯಕ್ಷೆಯನ್ನು ಗೋಡೆಗೇರಿಸಲು ಹಣ ಕೂಡಿದ ಕೆಲವೇ ವರ್ಷಗಳಲ್ಲಿ ಒಬ್ಬಳನ್ನು ಬಾಗಿಲ ಹೊರಗೆ ಇಡಲೂ ಹಣ ದೊರಕಿತು. ಯೆಹೂದ್ಯರ ವಿಷಯದಲ್ಲೂ ಥಾಮಸ್ ಮನಸ್ಸು ಕಿರಿದಾಗಿಯೇ ಇತ್ತು. ತನಗೆ ಮುಚ್ಚಿದ ಬಾಗಿಲುಗಳನ್ನು ಅಷ್ಟು ಕಷ್ಟದಿಂದ ತೆರೆದವಳು ಇನ್ನೊಬ್ಬಳ ಮುಂದೆ ಬಾಗಿಲು ಎಳೆದುಕೊಂಡದ್ದು ಹೇಗೆ ಎಂಬುದಕ್ಕೆ ಯಾವ ಜೀವನಚರಿತ್ರೆಯೂ ತೃಪ್ತಿಕರ ಉತ್ತರ ಕೊಡಲಾರದು.

2017ರಲ್ಲಿ ಕಾಲೇಜು ಆಕೆಯ ಹೆಸರನ್ನು ಕಟ್ಟಡಗಳಿಗೆ ಬಳಸುವುದನ್ನು ತಡೆಹಿಡಿಯಿತು. 2018ರಲ್ಲಿ 'ಥಾಮಸ್ ಗ್ರಂಥಾಲಯ' ಎಂಬ ಹೆಸರನ್ನೇ ಕೈಬಿಟ್ಟಿತು. ಅದು ಸರಿಯೆಂದೇ ನನ್ನ ಅಭಿಪ್ರಾಯ. ಕಟ್ಟಡದ ಹೆಸರು ಹೊಗಳಿಕೆ. ದಿನವೂ ಅದನ್ನು ಬಾಯಿಂದ ಆಡಬೇಕಾಗುತ್ತದೆ, ಮೈಗೆ ಚುಚ್ಚಿದವರೂ ಆಡಬೇಕಾಗುತ್ತದೆ. ಚಿತ್ರದ ಮಾತು ಬೇರೆ ಎಂದು ಹೇಳುವವರಿದ್ದಾರೆ, ಅವರಲ್ಲಿ ನಾನೂ ಒಬ್ಬ. ಸಾಧಾರಣ ವಂತಿಗೆಯ ಚಿತ್ರವಾಗಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಸಿಹಿನಗೆಯ ಥಾಮಸ್ ಸುಳ್ಳಾಗುತ್ತಿದ್ದಳು, ಇಳಿಸಿಬಿಟ್ಟರೂ ನಷ್ಟವಿರಲಿಲ್ಲ. ಸಾರ್ಜೆಂಟ್ ಬರೆದವಳಲ್ಲಿ ಕಾಲೇಜನ್ನು ಕಟ್ಟಿದವಳೂ ಇದ್ದಾಳೆ, ಫಾಸೆಟ್ಟಳನ್ನು ತಡೆದವಳೂ ಇದ್ದಾಳೆ. ಇಬ್ಬರಿಗೂ ಕೈ ಒಂದೇ.

ಬಿಡಿ ಡಾಲರ್ ಕೂಡಿಸಿದ ಹುಡುಗಿಯರಿಗೆ ಇದು ಎಷ್ಟು ಕಂಡಿತ್ತೋ. ಅವರು ಮೆಚ್ಚಿದ್ದು ಬಹುಶಃ ಆ ಗೌನನ್ನು. ಹೆಣ್ಣಿನ ಮೈಮೇಲೆ ಅದು ಕೂತ ಬಗೆಯನ್ನು.