ಬಾಡಿಗೆಗೆ ಬಂದ ಗ್ರಂಥಾಲಯ

ಇ-ಪುಸ್ತಕ ಬಂದರೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸರದಿ ಕಾಯುವುದು ತಪ್ಪುತ್ತದೆ ಎಂಬ ನಂಬಿಕೆಯಿತ್ತು. ದೂರದೂರಿನ ವಿದ್ಯಾರ್ಥಿಗೆ ಅದರಿಂದ ಉಪಕಾರವಾದದ್ದು ನಿಜ. ಆದರೆ ಎಷ್ಟೋ ಪುಸ್ತಕಗಳ ಪರವಾನಗಿ ಒಮ್ಮೆಗೆ ಒಬ್ಬನೇ ಓದುಗನಿಗೆ. ಪರೀಕ್ಷೆಯ ಹಿಂದಿನ ರಾತ್ರಿ ಉಳಿದವರು ಕಂಪ್ಯೂಟರಿನ ಮುಂದೆ ಕಾಯುತ್ತಾ ಕೂರಬೇಕು. ಎಷ್ಟು ಪ್ರತಿ ಬೇಕಾದರೂ ಆಗಬಲ್ಲ ವಸ್ತುವಿನ ಮೇಲೆ ಕಾಗದದ ಕೊರತೆಯನ್ನು ಬೇಕೆಂದೇ ಹೇರಲಾಗಿದೆ.

ಇದಕ್ಕಿಂತ ಗಂಭೀರವಾದುದು ಒಡೆತನದ ಪ್ರಶ್ನೆ. ಚಂದಾ ಕಟ್ಟಿ ಪಡೆಯುವ ಸಂಗ್ರಹದಲ್ಲಿ ಗ್ರಂಥಾಲಯದ್ದು ಎನ್ನುವ ಒಂದು ಪುಸ್ತಕವೂ ಇಲ್ಲ. 2022ರ ಆಗಸ್ಟ್ ಕೊನೆಯಲ್ಲಿ, ಅಮೆರಿಕದ ಕಾಲೇಜುಗಳಲ್ಲಿ ಪಾಠ ಆರಂಭವಾಗುವ ಹೊತ್ತಿಗೇ, ವೈಲಿ ಪ್ರಕಾಶನವು ಪ್ರೊಕ್ವೆಸ್ಟ್ ಕಂಪೆನಿಯ ಚಂದಾ ಸಂಗ್ರಹದಿಂದ ತನ್ನ ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಹಿಂತೆಗೆದುಕೊಂಡಿತು. ಗ್ರಂಥಪಾಲಕರೂ ಅಧ್ಯಾಪಕರೂ ಪ್ರತಿಭಟಿಸಿದ ಮೇಲೆ 2023ರ ಜೂನ್‌ವರೆಗೆ ಮಾತ್ರ ಮರಳಿಸಿತು. ಅಚ್ಚಾದ ಪುಸ್ತಕವಾಗಿದ್ದರೆ, ಮಾರಿದವನು ಹೀಗೆ ಕಪಾಟಿಗೆ ಕೈಹಾಕಲು ಸಾಧ್ಯವಿತ್ತೇ?

ಹಾಗಾದರೆ ಒಮ್ಮೆಗೇ ಹಣ ಕೊಟ್ಟು ಶಾಶ್ವತವಾಗಿ ಕೊಳ್ಳಬಾರದೇ ಎಂದು ಕೇಳಬಹುದು. ಆ ದಾರಿಯೂ ಕಿರಿದಾಗುತ್ತಿದೆ. ಪ್ರೊಕ್ವೆಸ್ಟಿನ ಒಡೆಯನಾದ ಕ್ಲಾರಿವೇಟ್, ಅಂಥ ಮಾರಾಟವನ್ನೇ ನಿಲ್ಲಿಸುವುದಾಗಿ 2025ರ ಫೆಬ್ರವರಿಯಲ್ಲಿ ಸಾರಿತು. ಗ್ರಂಥಾಲಯಗಳು ವಿರೋಧಿಸಿದಾಗ ಅದು ಬದಲಿಸಿದ್ದು ಗಡುವನ್ನು, ನಿರ್ಧಾರವನ್ನಲ್ಲ.