ಲೋಕಧರ್ಮಿಯ ವೇಷ ತೊಟ್ಟ ನಾಟ್ಯಧರ್ಮಿ

ಲೋಕದಲ್ಲಿರುವುದನ್ನು ಇದ್ದಂತೆಯೇ ತೋರಿಸುವುದು ಲೋಕಧರ್ಮಿ. ರಂಗಕ್ಕೆ ಒಪ್ಪುವಂತೆ ಅದನ್ನು ಮಾರ್ಪಡಿಸಿ ತೋರಿಸುವುದು ನಾಟ್ಯಧರ್ಮಿ. ಭರತಮುನಿಯು ಹೇಳಿರುವ ಈ ಭೇದವು ರಸಿಕರಿಗೆ ವಿದಿತವಾದುದೇ. ನಾಟ್ಯಧರ್ಮಿಯು ದೋಷವಲ್ಲ, ಅದನ್ನೇ ಲೋಕವೆಂದು ನಂಬಿಸಿದರೆ ಮಾತ್ರ ದೋಷವು. ಅಮೆರಿಕಾ ದೇಶದ ‘ಕೌಬಾಯ್’ ಎಂಬುವನ ಕೀರ್ತಿಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

1867ರಿಂದೀಚೆಗೆ ಟೆಕ್ಸಾಸಿನ ದನಗಳ ಹಿಂಡುಗಳನ್ನು ಕಾನ್ಸಾಸಿನ ರೈಲು ನಿಲ್ದಾಣಗಳಿಗೆ ಹೊಡೆದುಕೊಂಡು ಹೋಗುತ್ತಿದ್ದ ಕೂಲಿಯಾಳೇ ನಿಜವಾದ ಕೌಬಾಯ್. ಧೂಳು, ಮಳೆ, ನಿದ್ದೆಗೇಡು, ಸ್ವಲ್ಪ ಸಂಬಳ, ಇಷ್ಟೇ ಅವನ ಬಾಳು. ಕುಣಿಕೆಹಗ್ಗವನ್ನು ಎಸೆಯುವ ವಿದ್ಯೆಯನ್ನು ಅವನು ಮೆಕ್ಸಿಕೋದ ದನಗಾಹಿಗಳಿಂದ ಕಲಿತನು. ಆ ವೃತ್ತಿಯಲ್ಲಿ ಮೆಕ್ಸಿಕೋದವರೂ ನೀಗ್ರೋ ಜನರೂ ಅನೇಕರಿದ್ದರು. ಆ ಹೆಸರಿಗೆ ಆಗ ಗೌರವವೂ ಇರಲಿಲ್ಲ. 1881ರಲ್ಲಿ ಅಧ್ಯಕ್ಷ ಆರ್ಥರನು ತನ್ನ ಸಂದೇಶದಲ್ಲಿ ಅರಿಜೋನಾದ ಶಸ್ತ್ರಧಾರಿಗಳಾದ ದುಷ್ಟರನ್ನು ಆ ಹೆಸರಿನಿಂದಲೇ ನಿರ್ದೇಶಿಸಿದನು.

1883ರಲ್ಲಿ ‘ಬಫಲೋ ಬಿಲ್’ ಎಂದು ಖ್ಯಾತನಾದ ವಿಲಿಯಂ ಕೋಡಿಯು ಒಮಾಹಾ ನಗರದಲ್ಲಿ ‘ವೈಲ್ಡ್ ವೆಸ್ಟ್’ ಎಂಬ ಸಂಚಾರಿ ಪ್ರದರ್ಶನವನ್ನು ಆರಂಭಿಸಿದನು. ಅದರಲ್ಲಿ ಬಕ್ ಟೇಲರ್ ಎಂಬ ಎತ್ತರದ ಆಳು ‘ಕೌಬಾಯ್‌ಗಳ ರಾಜ’ನೆನಿಸಿದನು, 1887ರಲ್ಲಿ ಅವನೇ ಒಂದು ಅಗ್ಗದ ಕಾದಂಬರಿಗೆ ನಾಯಕನೂ ಆದನು. ದನ ಕಾಯುವ ಕೆಲಸವು ಹಿಂದೆ ಸರಿದು, ಕುದುರೆಯ ಸಾಹಸ, ಗುಂಡಿನ ಗುರಿ, ಡೆಡ್‌ವುಡ್ಡಿನ ಸಾರೋಟಿನ ರಕ್ಷಣೆ, ಇವೇ ಮುಂದೆ ಬಂದುವು. ಅದೇ 1887ರಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ರಾಣಿಯೂ ಆ ಆಟವನ್ನು ನೋಡಿದಳು.

ಲೋಕವೂ ರಂಗವೂ ಎಷ್ಟು ಬೆರೆತುಹೋದುವೆಂಬುದಕ್ಕೆ ಕೋಡಿಯ ನಡತೆಯೇ ಸಾಕ್ಷಿ. 1876ರಲ್ಲಿ ಅವನು ರಂಗದ ಉಡುಪನ್ನೇ ಧರಿಸಿ ಯುದ್ಧಕ್ಕೆ ಹೋಗಿ ಷೆಯೆನ್ ವೀರನೊಬ್ಬನನ್ನು ಕೊಂದನು. ಕೆಲವು ತಿಂಗಳೊಳಗೆ ಆ ವಧೆಯನ್ನೇ ನಾಟಕವಾಗಿ ಆಡಿದನು. ರಂಗವು ಲೋಕವನ್ನು ಅನುಕರಿಸುವುದುಂಟು. ಇಲ್ಲಿ ಲೋಕವೇ ರಂಗವನ್ನು ಅನುಕರಿಸಿತು.

ಸಾರೋಟು ನಿಜವಾದದ್ದು, ಲಕೋಟಾ ಜನರು ನಿಜವಾದವರು, ನಾಯಕನು ನಿಜವಾದವನು. ಆದುದರಿಂದ ಕಥೆಯೂ ನಿಜವೆಂದು ಪ್ರೇಕ್ಷಕರು ನಂಬಿದರು. ತಮ್ಮ ನೆಲವನ್ನು ಕಳೆದುಕೊಂಡವರು ಅಂಗಳದಲ್ಲಿ ದಿನದಿನವೂ ಆಕ್ರಮಣಕಾರರಾದರು. ಆ ನೆಲಕ್ಕೆ ಬಂದು ಸೇರಿದವರು ರಕ್ಷಕರಾದರು. 1885ರಲ್ಲಿ ಈ ಮೇಳದೊಡನೆ ತಿರುಗಿದ ಸಿಟ್ಟಿಂಗ್ ಬುಲ್ ಎಂಬ ಲಕೋಟಾ ನಾಯಕನು 1890ರ ಡಿಸೆಂಬರಿನಲ್ಲಿ, ತನ್ನನ್ನು ಸೆರೆಹಿಡಿಯಲು ಬಂದ ಪೊಲೀಸರ ಗುಂಡಿಗೆ ಬಲಿಯಾದನು. ಆ ಸಾವಿಗೆ ಆಟದಲ್ಲಿ ಅರ್ಥ ಹೇಳುವವರು ಯಾರೂ ಇರಲಿಲ್ಲ.

ಆದರೂ ಗುಣವನ್ನು ಮರೆಯುವುದು ವಿಮರ್ಶೆಯಲ್ಲ. ಸವಾರರ ಕೌಶಲವು ಕಪಟವಾಗಿರಲಿಲ್ಲ. ಸರಕಾರವು ಹಳೆಯ ನೃತ್ಯಗಳನ್ನು ಅಡಗಿಸುತ್ತಿದ್ದ ಕಾಲದಲ್ಲಿ ಲಕೋಟಾ ಜನರಿಗೆ ಸಂಬಳವೂ, ನರ್ತಿಸಲು ಒಂದು ಅಂಗಳವೂ ಇಲ್ಲಿ ದೊರೆತುವು.

ಕೋಡಿಯು 1917ರಲ್ಲಿ ತೀರಿಕೊಂಡನು. ಅಷ್ಟರಲ್ಲಿ ಅವನ ಅಂಗಳದ ಕೌಬಾಯ್ ಚಲಚ್ಚಿತ್ರದ ಪರದೆಯನ್ನು ಏರಿಯಾಗಿತ್ತು. ಆ ಚಿತ್ರಗಳನ್ನು ನೋಡಿ ಸಂತೋಷಪಡುವುದು ತಪ್ಪಲ್ಲ. ಆದರೆ ವೇಷವನ್ನು ವೇಷವೆಂದು ತಿಳಿದು ಸವಿಯುವವನೇ ಸಹೃದಯನು. ಅದನ್ನೇ ಚರಿತ್ರೆಯೆಂದು ನಂಬುವವನು ಕೂಲಿಯಾಳಿನ ಬೆವರನ್ನೂ ಸೋತವರ ದುಃಖವನ್ನೂ ಒಟ್ಟಿಗೆ ಮರೆಯುತ್ತಾನೆ.